ಕತಾರಿನ ಚಳಿಮನೆಯ ಹದಿನಾಲ್ಕು ಪಾಮ್‌ಗಳು

ದೋಹಾಕ್ಕೆ, ಸ್ವೆಟರ್ ಇಲ್ಲದೆ

ಊಟಿಯ ಚಳಿಯಲ್ಲಿ ಮೂವತ್ತು ವರ್ಷ ನರ್ಸರಿ ನಡೆಸಿದವಳು ನಾನು. ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಬಿದ್ದಿರುವಾಗಲೂ ತಲೆಗೊಂದು ಸ್ಕಾರ್ಫ್ ಸುತ್ತಿಕೊಂಡು ಗಿಡಗಳ ನಡುವೆ ಓಡಾಡಿದ್ದೇನೆ. ಅಂಥವಳ ಹಲ್ಲು ಕಟಕಟ ಎಂದದ್ದು ಕತಾರಿನಲ್ಲಿ, ಅದೂ ಜುಲೈ ತಿಂಗಳಲ್ಲಿ. ಊರಿಗೆ ಬಂದು ಇದನ್ನು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹೊರಡುವ ಹಿಂದಿನ ದಿನ ಗುಂಡ್ಲುಪೇಟೆಯಿಂದ ನನ್ನ ತಂಗಿ ಫೋನ್ ಮಾಡಿ, "ಗಲ್ಫಿಗೆ ಸ್ವೆಟರ್ ತಗೊಂಡ್ ಹೋಗ್ಬೇಡ ಕಣಕ್ಕ, ನೋಡ್ದೋರು ನಗ್ತಾರೆ" ಎಂದಿದ್ದಳು. ಸರಿ ಎಂದು ಪೆಟ್ಟಿಗೆಯಿಂದ ಸ್ವೆಟರ್ ತೆಗೆದು ಆ ಜಾಗಕ್ಕೆ ಊಟಿ ವರ್ಕಿ ಬಿಸ್ಕತ್ತು ತುಂಬಿದೆ. ದೋಹಾದ ವಿಮಾನ ನಿಲ್ದಾಣದೊಳಗೆ ಹತ್ತು ನಿಮಿಷ ನಿಂತ ಮೇಲೆ ತಪ್ಪು ಗೊತ್ತಾಯಿತು. ಅಲ್ಲಿ ಹೊರಗೆ ಕುಲುಮೆ, ಒಳಗೆ ಐಸ್ ಪೆಟ್ಟಿಗೆ. ಜನ ಒಂದರಿಂದ ಇನ್ನೊಂದಕ್ಕೆ ಓಡುತ್ತ ಬದುಕುತ್ತಾರೆ. ಸೆರಗನ್ನು ಎರಡು ಸುತ್ತು ಹೊದ್ದುಕೊಂಡು ಹೊರಬಂದವಳನ್ನು ಕಂಡು, ಕರೆದೊಯ್ಯಲು ಬಂದಿದ್ದ ಇಸ್ಮಾಯಿಲ್ ಗಾಬರಿಯಾದ.

"ಎಂತ ಗೌರಕ್ಕ, ಜ್ವರ ಉಂಟಾ?"

"ಜ್ವರ ಇಲ್ಲ ಕಣೋ, ಚಳಿ."

"ಯಾ ಅಲ್ಲಾ! ನೀವು ಚಳಿ ಅಂದ್ರೆ ನಮ್ಮ ಮರಗಳ ಗತಿ ಎಂತ?" ಎಂದು ನಕ್ಕ. ಆದರೆ ಆ ನಗು ಅವನ ಕಣ್ಣಿನವರೆಗೆ ಹೋಗಲಿಲ್ಲ.

ಇಸ್ಮಾಯಿಲ್ ಉಪ್ಪಿನಂಗಡಿಯವನು. ಆರು ವರ್ಷ ನನ್ನ ನರ್ಸರಿಯಲ್ಲಿದ್ದು, ನನ್ನಿಂದ ಬೈಸಿಕೊಂಡು, ನನಗಿಂತ ಚೆನ್ನಾಗಿ ಕಸಿ ಕಟ್ಟುವುದನ್ನು ಕಲಿತು ಗಲ್ಫಿಗೆ ಹೋದವನು. ಈಗ ಒಬ್ಬ ಶ್ರೀಮಂತ ಅರಬರ ತೋಟದ ಮೇಸ್ತ್ರಿ. ಆ ಯಜಮಾನರನ್ನು ಅಲ್ಲಿ ಎಲ್ಲರೂ ಅರಬಾಬ್ ಎನ್ನುತ್ತಾರೆ. ಅವರು ತಮ್ಮ ತೋಟದಲ್ಲಿ ಒಂದು ದೊಡ್ಡ ಗಾಜಿನ ಮನೆ ಕಟ್ಟಿಸಿ, ಯಂತ್ರ ಹಾಕಿ, ಒಳಗೆ ಬೆಟ್ಟದ ಚಳಿ ತುಂಬಿಸಿದ್ದರು. ಆ ಚಳಿಮನೆಗೆ ಹಿಮ ತಡೆಯುವ ಪಾಮ್‌ಗಳೇ ಬೇಕೆಂದು ಅವರ ಹಟ.

ಪಾಮ್ ಎಂದರೆ ಬಿಸಿಲಿನ ಮರ ಎಂದೇ ನಮ್ಮವರ ತಿಳಿವಳಿಕೆ. ಆದರೆ ಚೀನಾದ ಬೆಟ್ಟಗಳ ಕಡೆಯ ವಿಂಡ್‌ಮಿಲ್ ಪಾಮ್ ತಲೆಯ ಮೇಲೆ ಹಿಮ ಹೊತ್ತುಕೊಂಡು ಹಾಯಾಗಿ ನಿಲ್ಲುತ್ತದೆ. ಬೀಸಣಿಗೆಯಂಥ ಎಲೆ, ಕಾಂಡಕ್ಕೆ ಕಂದು ನಾರಿನ ಕಂಬಳಿ. ನನ್ನ ಗೇಟಿನ ಎರಡೂ ಬದಿಗೆ ನಾನೇ ಬೀಜ ಹಾಕಿ ಬೆಳೆಸಿದ ಎರಡು ಮರಗಳಿವೆ. ಅವುಗಳ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಸ್ವಲ್ಪವಲ್ಲ, ಬಹಳವೇ ಜಂಬ.

ಹಾಗಾಗಿ ಹೊರದೇಶದಿಂದ ಬಂದ ಹದಿನಾಲ್ಕು ಗಿಡಗಳ ಫೋಟೋ ಕಳಿಸಿ "ಇವು ಅದೇನಾ ಅಕ್ಕ?" ಎಂದು ಇಸ್ಮಾಯಿಲ್ ಕೇಳಿದಾಗ, ನಾನು ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂತಿದ್ದರೂ ಒಬ್ಬಟ್ಟು ಬರುವಷ್ಟರಲ್ಲಿ "ಅದೇ, ಹದಿನಾಲ್ಕೂ ಅದೇ" ಎಂದು ಉತ್ತರ ಹಾಕಿದ್ದೆ. ನನ್ನ ಮಾತು ನಂಬಿ ಅವನು ಅರಬಾಬರ ಮುಂದೆ ಗ್ಯಾರಂಟಿ ಕೊಟ್ಟ. ಒಂಬತ್ತು ತಿಂಗಳ ಮೇಲೆ ಅವನಿಂದಲೇ ಮೆಸೇಜ್ ಬಂತು: "ಅಕ್ಕ, ಮರಗಳು ಸಾಯ್ತಾ ಉಂಟು." ಅದನ್ನು ಓದಿದ ಮೇಲೆ ಊಟಿಯಲ್ಲಿ ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ.

ಅಲ್ ಥುಮಾಮಾ: ಒಂದು ಮುಳ್ಳು

ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲಿ ಅಲ್ ಥುಮಾಮಾದಲ್ಲಿ ಇಸ್ಮಾಯಿಲ್ ಯಾರಿಗೋ ಒಂದು ಪೊಟ್ಟಣ ಕೊಡುವುದಿತ್ತು. ಅವನು ಇಳಿದು ಹೋದ. ಕಾರಿನಲ್ಲಿ ಕೂರು ಎಂದರೆ ಕೂರುವ ಜಾತಿಯವಳಲ್ಲ ನಾನು. ರಸ್ತೆ ಬದಿಯಲ್ಲಿ ಸಾಲು ಮರಗಳು ಕಾಣುತ್ತಿದ್ದವು.

ಖರ್ಜೂರದ ಮರಗಳನ್ನು ನೋಡಿ ಕಣ್ಣು ತುಂಬಿತು. ಗೊನೆಗಳಿಗೆಲ್ಲ ಬಲೆಯ ಚೀಲ ತೊಡಿಸಿದ್ದರು, ನಾವು ದ್ರಾಕ್ಷಿಗೆ ತೊಡಿಸುವ ಹಾಗೆ. ಒಣಗರಿ ಒಂದೂ ಇಲ್ಲ. ನಮ್ಮೂರಿನಲ್ಲಿ ರಸ್ತೆ ಬದಿಯ ಮರಕ್ಕೆ ಮೊಳೆ ಹೊಡೆದು ಟ್ಯೂಶನ್ ಬೋರ್ಡು ತೂಗುಹಾಕುತ್ತೇವೆ. ಇಲ್ಲಿ ಪ್ರತಿ ಮರದ ಬುಡಕ್ಕೂ ಒಂದು ನೀರಿನ ಕೊಳವೆ ಇತ್ತು.

ಅವುಗಳ ನಡುವೆ ಬೀಸಣಿಗೆ ಎಲೆಯ ಬೇರೆ ಪಾಮ್‌ಗಳಿದ್ದವು. ವಾಷಿಂಗ್ಟೋನಿಯಾ. ದೂರದಿಂದ ನೋಡಿದರೆ ನಮ್ಮ ವಿಂಡ್‌ಮಿಲ್‌ನ ದೊಡ್ಡಪ್ಪನ ಮಗನಂತೆ ಕಾಣುತ್ತದೆ. ಆದರೆ ಇದು ಬಿಸಿಲಿನ ಮರ, ತೇವದ ಚಳಿ ಇದಕ್ಕೆ ಆಗಿಬರುವುದಿಲ್ಲ. ಒಂದು ಎಳೆಯ ಗಿಡ ಕೈಗೆಟುಕುವಂತಿತ್ತು. ಮುಟ್ಟಿದೆ. ಗರಿಯ ದಂಟಿನ ಕೊಕ್ಕೆಮುಳ್ಳು ಹೆಬ್ಬೆರಳಿಗೆ ಸರಿಯಾಗಿ ನಾಟಿ ರಕ್ತ ಬಂತು. ನೀರು ಬಿಡುತ್ತಿದ್ದ ನೇಪಾಳದ ಮಾಲಿಯೊಬ್ಬ ಓಡಿ ಬಂದು, ಹಿಂದಿಯಲ್ಲಿ ನನ್ನನ್ನು ಬೈಯುತ್ತಲೇ ಮುಳ್ಳು ಕಿತ್ತು, ತನ್ನ ಬಾಟಲಿಯ ನೀರಿನಿಂದ ಬೆರಳು ತೊಳೆದ. ನಾನೂ ಮಾಲಿಯೇ ಎಂದು ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ, ನಂಬಿದ ಹಾಗೆ ಕಾಣಲಿಲ್ಲ.

ಮುಐದರ್

ಇಸ್ಮಾಯಿಲ್‌ನ ಮನೆ ಮುಐದರ್‌ನಲ್ಲಿ, ಮೂರು ಸಂಸಾರಗಳು ಹಂಚಿಕೊಂಡ ಒಂದು ವಿಲ್ಲಾದ ಹಿಂಭಾಗ. ಒಂದು ಕಡೆಯಿಂದ ಕಾಸರಗೋಡಿನವರ ಮೀನುಸಾರಿನ ವಾಸನೆ, ಇನ್ನೊಂದು ಕಡೆಯಿಂದ ಬಾಗಲಕೋಟೆಯ ದಂಪತಿಯ ರೊಟ್ಟಿ ಬಡಿಯುವ ಸದ್ದು. ಅವನ ಹೆಂಡತಿ ಜುಬೈದಾ ನೀರುದೋಸೆ ಹೊಯ್ಯುತ್ತ ನನ್ನ ಬೆರಳು ನೋಡಿ ಅರಿಶಿನ ತಂದಳು.

"ನೀವು ಎಂತ ಅಕ್ಕ, ಬಂದ ಕೂಡ್ಲೇ ಮರ ಮುಟ್ಲಿಕ್ಕೆ ಹೋದ್ದು? ಇವ್ರು ನಿಮ್ಮ ಬಗ್ಗೆ ಹೇಳುದು ಸುಳ್ಳಲ್ಲ."

"ಏನು ಹೇಳ್ತಾನೆ?"

"ಗೌರಕ್ಕನ ಕಣ್ಣು ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಲಿಲ್ಲ ಅಂತ. ಆಫೀಸಲ್ಲೂ ಅದೇ ಹೇಳುದು."

ನನಗೆ ದೋಸೆ ಇನ್ನೂ ರುಚಿಯಾಯಿತು. ಅವರ ಮಗಳು ಅಫ್ರಾಗೆ ಎಂಟು ವರ್ಷ, ಶಾಲೆಗೆ ರಜೆ. "ಆಂಟಿ, ಟ್ರೀಗೆ ಕೋಲ್ಡ್ ಆದ್ರೆ ಸ್ನೀಜ್ ಮಾಡ್ತದಾ?" ಎಂದು ಕೇಳಿದಳು. ಸೀನುವುದಿಲ್ಲ, ಆದರೆ ಹಳದಿಯಾಗುತ್ತದೆ ಎಂದೆ. "ಸೋ ಸ್ಯಾಡ್" ಎಂದು ಇನ್ನೊಂದು ವರ್ಕಿ ತೆಗೆದುಕೊಂಡಳು.

ಊಟವಾದ ಮೇಲೆ ಇಸ್ಮಾಯಿಲ್ ಬಾಯಿಬಿಟ್ಟ. ತೋಟದ ಮ್ಯಾನೇಜರ್, ಅಂದರೆ ಅಲ್ಲಿನವರ ಮುದೀರ್, ಗಿಡಗಳೇ ಬೇರೆ ಜಾತಿಯವು, ಮೇಸ್ತ್ರಿಗೆ ಗುರುತು ಗೊತ್ತಿಲ್ಲ ಎಂದು ಅರಬಾಬರಿಗೆ ಹೇಳಿದ್ದಾರೆ. ಗುರುವಾರ ಅರಬಾಬರೇ ಬಂದು ನೋಡುತ್ತಾರೆ. ಮುದೀರ್ ಮಾತು ಅವರಿಗೆ ನಿಜವೆನಿಸಿದರೆ ಇಸ್ಮಾಯಿಲ್‌ನ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ಅಫ್ರಾಳ ಶಾಲೆಯೂ ನಿಲ್ಲುತ್ತದೆ.

"ಗಿಡ ಅದೇ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು ಅಕ್ಕ. ಮತ್ತೆ ಮಾಫಿ ಮುಷ್ಕಿಲ್, ಎಂತ ತೊಂದ್ರೆಯೂ ಇಲ್ಲ."

"ಅದೇ ಕಣೋ. ನಾನೇ ನೋಡಿದೀನಲ್ಲ" ಎಂದೆ, ಗಲ್ಲ ಎತ್ತಿ.

ಲುಸೈಲ್ ದಾಟಿ

ಮರುದಿನ ಬೆಳಗ್ಗೆ ತೋಟಕ್ಕೆ ಹೊರಟೆವು. ಲುಸೈಲ್‌ನ ಒಂದು ಚಹಾ ಅಂಗಡಿಯ ಮುಂದೆ ಇಸ್ಮಾಯಿಲ್ ಕಾರು ನಿಲ್ಲಿಸಿ ಹಾರ್ನ್ ಹೊಡೆದ. ನಮ್ಮಲ್ಲಿ ಚಹಾದಂಗಡಿ ಮುಂದೆ ಹಾಗೆ ಹಾರ್ನ್ ಹೊಡೆದರೆ ಜಗಳಕ್ಕೇ ಬರುತ್ತಾರೆ. ಇಲ್ಲಿ ಒಬ್ಬರು ನಗುತ್ತ ಓಡಿ ಬಂದು ಕರಕ್ ಕೇಳಿಕೊಂಡು ಹೋದರು. ಕರಕ್ ಎಂದರೆ ಏಲಕ್ಕಿ ಹಾಕಿ ಕುದಿಸಿ ಕುದಿಸಿ ದಪ್ಪ ಮಾಡಿದ ಹಾಲಿನ ಚಹಾ. ನೀಲಗಿರಿಯವಳ ಮುಂದೆ ಚಹಾದ ಹೆಚ್ಚುಗಾರಿಕೆಯೇ ಎಂದು ಮೂಗು ಮುರಿದೆ, ಆಮೇಲೆ ಇನ್ನೊಂದು ಲೋಟಕ್ಕೆ ನಾನೇ ಕೈ ಚಾಚಿ ಹಾರ್ನ್ ಒತ್ತಿದೆ.

ಚಳಿಮನೆಯ ಬಾಗಿಲು ತೆರೆದಾಗ ಮುಖಕ್ಕೆ ಬಡಿದದ್ದು ನಮ್ಮ ಡಿಸೆಂಬರ್ ಬೆಳಗಿನ ಗಾಳಿ. ಮೈಮೇಲೆ ಹತ್ತಿಯ ಸೀರೆ. ಎರಡೇ ನಿಮಿಷಕ್ಕೆ ಹಲ್ಲು ತಾಳ ಹಾಕತೊಡಗಿದವು. ಅಲ್ಲಿನ ಕೆಲಸಗಾರರೊಬ್ಬರು ತಮ್ಮ ದಪ್ಪ ಜಾಕೆಟ್ ಬಿಚ್ಚಿ ಕೊಟ್ಟರು. ತೋಳು ಮೊಣಕಾಲಿನವರೆಗೆ ಇಳಿಬಿದ್ದಿತ್ತು. ಊಟಿಯಿಂದ ಬಂದ ತಜ್ಞೆಯ ವೇಷ ನೋಡಿ ಮುದೀರ್ ಆ ಕಡೆ ತಿರುಗಿ ಕೆಮ್ಮಿದರು.

ಇರಲಿ. ನಾನು ಗಿಡಗಳ ಕಡೆ ಹೋದೆ. ಎಲ್ಲವೂ ನನ್ನ ಹೆಗಲೆತ್ತರ, ಎಲ್ಲವೂ ಹಳದಿ. ವಿಂಡ್‌ಮಿಲ್ ಗುರುತು ಹಿಡಿಯುವುದಕ್ಕೆ ಮೊದಲು ಕಾಂಡದ ನಾರನ್ನು ನೋಡಬೇಕು, ಆಮೇಲೆ ಗರಿಯ ದಂಟಿನ ಅಂಚಿನ ಮೇಲೆ ಬೆರಳು ಎಳೆಯಬೇಕು. ವಿಂಡ್‌ಮಿಲ್‌ನ ದಂಟಿಗೆ ಸಣ್ಣ ಹಲ್ಲುಗಳಷ್ಟೇ ಇರುತ್ತವೆ, ಬೆರಳಿಗೆ ತರಿತರಿ ಅನ್ನಿಸುತ್ತದೆ, ಗಾಯವಾಗುವುದಿಲ್ಲ. ಮೊದಲನೆಯದು ಸರಿ. ಎರಡನೆಯದೂ ಸರಿ. ಹನ್ನೆರಡರವರೆಗೂ ಸರಿ. ನನ್ನ ಎದೆ ಆ ಜಾಕೆಟ್ ತುಂಬುವಷ್ಟು ಉಬ್ಬಿತ್ತು.

ಹದಿಮೂರನೆಯದರ ದಂಟಿನ ಮೇಲೆ ಬೆರಳು ಎಳೆದೆ. ಹಿಂದಿನ ದಿನದ ಗಾಯದ ಪಕ್ಕದಲ್ಲೇ ಚುಚ್ಚಿತು. ಅದೇ ಕೊಕ್ಕೆಮುಳ್ಳು. ಹದಿನಾಲ್ಕನೆಯದಕ್ಕೂ ಅದೇ. ಎರಡೂ ವಾಷಿಂಗ್ಟೋನಿಯಾ. ಫೋಟೋದಲ್ಲಿ ಗರಿಗಳನ್ನು ಗೋಣಿಯಲ್ಲಿ ಸುತ್ತಿ ಕಟ್ಟಿದ್ದರು, ದಂಟು ಕಾಣುತ್ತಿರಲಿಲ್ಲ. ಕಾಣುತ್ತಿಲ್ಲ, ಬಿಚ್ಚಿ ತೋರಿಸು ಎಂದು ಹೇಳಬೇಕಾಗಿತ್ತು. ಒಬ್ಬಟ್ಟಿನ ಅವಸರದಲ್ಲಿ ನಾನು ಹೇಳಿರಲಿಲ್ಲ. ಬೆರಳನ್ನು ಮೆಲ್ಲಗೆ ಜಾಕೆಟ್ಟಿನ ತೋಳಿನೊಳಗೆ ಎಳೆದುಕೊಂಡೆ.

ಆದರೆ ಉಳಿದ ಹನ್ನೆರಡೂ ಹಳದಿಯಾಗಿದ್ದೇಕೆ? ಒಂದರ ಸುಳಿಯಲ್ಲಿ ಇಣುಕಿ ನೋಡಿದೆ. ಎಲೆಗಳ ಸಂದಿಯಲ್ಲೆಲ್ಲ ಮರಳು, ಬೇವಿನ ಹಿಂಡಿ, ಮೇಲೆ ನಿಂತ ನೀರು. ಕೊಳೆತ ವಾಸನೆ.

"ಏನೋ ಇದು ಇಸ್ಮಾಯಿಲ್?"

"ದುಂಬಿಗೆ ಅಕ್ಕ. ಇಲ್ಲಿ ಖರ್ಜೂರಕ್ಕೆ ಕೆಂಪುಮೂತಿ ಹುಳದ ಕಾಟ ಜಾಸ್ತಿ. ಊರಲ್ಲಿ ನಮ್ಮ ತಂದೆ ತೆಂಗಿಗೆ ಹಾಕ್ತಿದ್ರಲ್ಲ, ಮರಳು-ಬೇವಿನಹಿಂಡಿ. ಅದೇ ಹಾಕಿದ್ದು. ತಿಂಗಳಿಗೊಮ್ಮೆ, ತಪ್ಪದೆ."

ಕರಾವಳಿಯವನಲ್ಲದೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ತೆಂಗಿನ ಗರಿಯ ಒಂದು ಎಸಳನ್ನು ಕಿತ್ತು ನೋಡಿ, ನಡುಗಡ್ಡಿಯ ಎರಡೂ ಬದಿಗೆ ಮನೆಯ ಮಾಡಿನ ಹಾಗೆ ಇಳಿದಿರುತ್ತದೆ. ನೀರು ಹೊರಕ್ಕೆ ಜಾರುತ್ತದೆ. ವಿಂಡ್‌ಮಿಲ್‌ನ ಎಲೆಯ ಮಡಿಕೆ ಅದಕ್ಕೆ ತಿರುಗಾಮುರುಗಾ, ದೋಣಿಯ ಹಾಗೆ ಮೇಲ್ಮುಖ. ಮೇಲಿಂದ ಬಿದ್ದ ನೀರು ಸುಳಿಗೇ ಇಳಿಯುತ್ತದೆ ಎಂಬುದು ನನ್ನ ಅನುಭವ. ಒಣಚಳಿಯನ್ನು ಈ ಮರ ಎಷ್ಟು ಬೇಕಾದರೂ ತಡೆಯುತ್ತದೆ. ಚಳಿಯಲ್ಲಿ ಸುಳಿ ಒದ್ದೆಯಾಗಿ ನಿಂತರೆ ಕೊಳೆಯುತ್ತದೆ. ಇಸ್ಮಾಯಿಲ್ ಮರಳು ತುಂಬಿಸಿದ್ದ, ಚಾವಣಿಯ ತುಂತುರು ಕೊಳವೆಗಳು ದಿನವೂ ಅದನ್ನು ನೆನೆಸಿದ್ದವು.

ಇದನ್ನು ಅವನಿಗೆ ಹೇಳಿದಾಗ ಅವನು ಕುಂಡದ ಅಂಚು ಹಿಡಿದು ಕೂತುಬಿಟ್ಟ.

ಗುರುವಾರ

ಅರಬಾಬ್ ವಯಸ್ಸಾದವರು. ಬಿಳಿ ನಿಲುವಂಗಿಯ ಮೇಲೆ ಉಣ್ಣೆಯ ಕೋಟು ತೊಟ್ಟು ಬಂದರು. ಒಳಗೆ ಬಂದವರೇ ನನಗೆ ಖರ್ಜೂರ ಕೊಡಿಸಿ, ಪ್ರಯಾಣ ಹೇಗಿತ್ತು, ಮನೆಮಂದಿ ಹೇಗಿದ್ದಾರೆ ಎಂದು ವಿಚಾರಿಸಿದರು. ಗಿಡದ ಮಾತಿಗೆ ಅವಸರವಿಲ್ಲ. ಓದುವ ಕಾಲದಲ್ಲಿ ಒಂದು ತಣ್ಣನೆಯ ದೇಶದಲ್ಲಿ ಹಿಮ ಹೊತ್ತು ನಿಂತ ಪಾಮ್ ಕಂಡಿದ್ದರಂತೆ. ಊರಿಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲವಂತೆ. ಈಗ ಮೊಮ್ಮಕ್ಕಳಿಗೆ ತೋರಿಸಬೇಕು, ಅಷ್ಟೇ. ಕೇಳಿ ನನಗೆ ಆ ಮನುಷ್ಯನ ಮೇಲೆ ಪ್ರೀತಿ ಬಂತು.

ಆಮೇಲೆ ಕೇಳಿದರು: "ತಪ್ಪು ಎಲ್ಲಿ ಆಯಿತು?"

ಅವರ ಅರಬ್ಬಿಯನ್ನು ನನಗೆ, ನನ್ನ ಕನ್ನಡವನ್ನು ಅವರಿಗೆ ಹೇಳಬೇಕಾದವನು ಇಸ್ಮಾಯಿಲನೇ. ಮುದೀರ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ನಾನು ಆಗಲೇ ಲೆಕ್ಕ ಹಾಕಿಕೊಂಡಿದ್ದೆ. ನನ್ನ ಎರಡು ಗಿಡದ ಸುದ್ದಿಯೂ ಬೇಡ, ಅವನ ಮರಳಿನ ಸುದ್ದಿಯೂ ಬೇಡ.

"ಗಿಡಗಳಿಗೆ ಹವೆ ಹಿಡಿಸಿಲ್ಲ, ಸರಿಹೋಗ್ತವೆ ಅಂತ ಹೇಳು" ಎಂದೆ.

ಇಸ್ಮಾಯಿಲ್ ನನ್ನನ್ನು ಒಂದು ಗಳಿಗೆ ನೋಡಿದ. ಅರಬಾಬರ ಕಡೆ ತಿರುಗಿ ಮಾತನಾಡತೊಡಗಿದ. ನನಗೆ ಅರಬ್ಬಿ ಬಾರದು. ಆದರೆ ಅನಾ ಎಂದರೆ ನಾನು ಎಂದು ಅಫ್ರಾ ಕಲಿಸಿದ್ದಳು. ಅನಾ ಎನ್ನುತ್ತ ಅವನು ಎದೆಯ ಮೇಲೆ ಕೈಯಿಟ್ಟ. ಸುಳಿಯ ಕಡೆ ಬಾಗಿ, ಬೆರಳುಗಳಿಂದ ಮರಳು ಉದುರಿಸುವ ಹಾಗೆ ಮಾಡಿ ತೋರಿಸಿದ. ಮತ್ತೆ ಅನಾ ಎಂದ. ಹವೆಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಕೆಲಸ, ವೀಸಾ, ಮಗಳ ಶಾಲೆ ಎಲ್ಲವನ್ನೂ ಅಂಗೈಯಲ್ಲಿಟ್ಟುಕೊಂಡು ಅವನು ನಿಜ ಹೇಳುತ್ತಿದ್ದ. ನನಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಎಂಥ ಹೆಮ್ಮೆಯಾಯಿತೆಂದರೆ, ಹೊಟ್ಟೆಯಲ್ಲಿ ಹುಟ್ಟಿದ ಮಗನ ಬಗ್ಗೆಯೂ ನಾನು ಅಷ್ಟು ಹೆಮ್ಮೆ ಪಡುತ್ತಿದ್ದೆನೋ ಇಲ್ಲವೋ.

"ಇಸ್ಮಾಯಿಲ್, ಇದನ್ನೂ ಹೇಳು" ಎಂದೆ. ಜಾಕೆಟ್ಟಿನ ತೋಳು ಮೇಲೇರಿಸಿ ಬೆರಳು ತೋರಿಸಿದೆ. "ಕೊನೇ ಎರಡು ಗಿಡ ವಿಂಡ್‌ಮಿಲ್ ಅಲ್ಲ. ಫೋಟೋ ನೋಡಿ ತಪ್ಪು ಹೇಳಿದವಳು ನಾನು. ಮೇಸ್ತ್ರಿದು ತಪ್ಪಿಲ್ಲ."

ಅವನು ಬೆಚ್ಚಿದ. "ಬೇಡ ಅಕ್ಕ. ನಿಮ್ಮ ಕಣ್ಣು ತಪ್ಪುದಿಲ್ಲ ಅಂತ ನಾನು ಎಲ್ಲರಿಗೂ ಹೇಳಿದ್ದು."

"ಹೇಳು. ನೀನು ಹೇಳ್ದಿದ್ರೆ ನಾನೇ ಅನಾ ಅನಾ ಅಂತ ಕುಣೀತೀನಿ."

ಹೇಳಿದ. ಅರಬಾಬ್ ನನ್ನ ಬೆರಳು ನೋಡಿದರು, ಹದಿಮೂರನೆಯ ಗಿಡದ ಮುಳ್ಳನ್ನು ತಾವೇ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡರು. ಉಳಿದ ಹನ್ನೆರಡರ ಕಡೆ ತಿರುಗಿ "ಬದುಕುತ್ತವೆಯೇ?" ಎಂದರು.

ಮೆಲ್ಲಗೆ ಒಂದೊಂದರ ಸುಳಿಯೆಲೆ ಎಳೆದು ನೋಡಿದೆ. ಐದರದು ಕಿತ್ತು ಕೈಗೇ ಬಂತು, ತುದಿ ಕಪ್ಪಾಗಿತ್ತು. ಏಳು ಗಟ್ಟಿಯಾಗಿ ಹಿಡಿದುಕೊಂಡವು. ಏಳಕ್ಕೆ ನನ್ನ ಮಾತಿದೆ, ಐದಕ್ಕೆ ಪ್ರಯತ್ನವಿದೆ ಎಂದೆ. ಈ ಅಮ್ಮ ಊರಿಗೆ ಹೊರಡುವವರೆಗೆ ಯಾರೂ ಯಾವ ತೀರ್ಮಾನವೂ ಮಾಡಬಾರದು ಎಂದು ಅರಬಾಬ್ ಮುದೀರ್‌ಗೆ ಹೇಳಿ ಹೋದರು. ನನ್ನ ವಿಮಾನಕ್ಕೆ ಹತ್ತು ದಿನವಿತ್ತು.

ಹತ್ತು ದಿನ

"ಯಲ್ಲಾ ಅಕ್ಕ, ಶುರು ಮಾಡುವ" ಎಂದು ಇಸ್ಮಾಯಿಲ್ ಅಂಗಿಯ ತೋಳು ಮಡಚಿದ. ತುಂತುರು ಕೊಳವೆಗಳಿಗೆ "ಖಲಾಸ್" ಎಂದು ಬೀಗ ಹಾಕಿದ. ಜುಬೈದಾಳ ಅಡುಗೆಮನೆಯ ಚಮಚಗಳಿಂದ ಸುಳಿಯ ಮರಳು ತೆಗೆದೆವು, ಹತ್ತಿಯಿಂದ ಒರೆಸಿದೆವು. ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವುದನ್ನು ಅಡಿಕೆಗೆ ಅದನ್ನೇ ಹೊಡೆಯುವ ಕರಾವಳಿಯವನಿಗೆ ಹೇಳಿಕೊಡಬೇಕೆ? ಅವನ ಕೈ ತಾನೇ ಅಳತೆ ಮಾಡಿತು. ಚಳಿಯಂತ್ರವನ್ನು ತಗ್ಗಿಸಿ ಮನೆಯನ್ನು ಅಷ್ಟು ದಿನ ಬೆಚ್ಚಗಿಡಿಸಿದೆ. ಊಟಿಯವಳು ಬಂದು ಚಳಿ ಆರಿಸಿದಳು ಎಂದು ಕೆಲಸಗಾರರು ತಮಾಷೆ ಮಾಡಿದರು. ನಾನು ಮಾತ್ರ ಜಾಕೆಟ್ ವಾಪಸು ಕೊಡಲಿಲ್ಲ.

ಗಿಡ ಬದುಕಿದೆಯೋ ಇಲ್ಲವೋ ನೋಡಲು ನಾವು ನರ್ಸರಿಯವರು ಸುಳಿಯೆಲೆಗೂ ಪಕ್ಕದ ಎಲೆಗೂ ಸೇರಿಸಿ ಒಂದೇ ಅಡ್ಡಗೆರೆ ಎಳೆಯುತ್ತೇವೆ. ಸುಳಿ ಬೆಳೆದರೆ ಅದರ ಮೇಲಿನ ಗೆರೆ ಮೇಲೇರಿ, ಒಂದಿದ್ದದ್ದು ಎರಡು ತುಂಡಾಗುತ್ತದೆ. ಸುಳಿ ಗಟ್ಟಿಯಿದ್ದ ಏಳಕ್ಕೂ ಗೆರೆಗಳನ್ನು ಅಫ್ರಾ ತನ್ನ ಶಾಲೆಯ ನೇರಳೆ ಮಾರ್ಕರಿನಿಂದ ಎಳೆದಳು, ನಾಲಿಗೆ ಹೊರಗೆ ಚಾಚಿ, ಅಷ್ಟು ಜಾಗ್ರತೆಯಿಂದ.

ನಾಲ್ಕು ದಿನ ಏನೂ ಆಗಲಿಲ್ಲ. ಇಸ್ಮಾಯಿಲ್ ಊಟ ಬಿಟ್ಟ. ಎಂಟನೆಯ ದಿನ ಮೂರು ಗಿಡಗಳಲ್ಲಿ ಗೆರೆ ಅಕ್ಕಿಕಾಳಿನಷ್ಟು ಸರಿದಿತ್ತು. ಹೊರಡುವ ದಿನ ಅರಬಾಬ್ ಬಂದರು. ಕನ್ನಡಕ ತೆಗೆದು, ಬಗ್ಗಿ, ಏಳು ಗಿಡಗಳ ಏಳು ನೇರಳೆ ಗೆರೆಗಳನ್ನೂ ನೋಡಿದರು. ಏಳೂ ಸರಿದಿದ್ದವು. ಮುದೀರ್‌ಗೆ ಏನೋ ಹೇಳಿದರು. ಇಸ್ಮಾಯಿಲ್ ಅದನ್ನು ನನಗೆ ಕನ್ನಡದಲ್ಲಿ ಹೇಳಿದ.

"ಗಿಡದ ತಪ್ಪು ಹೇಳುವವರು ನನ್ನ ಹತ್ರ ತುಂಬಾ ಜನ ಉಂಟು, ತನ್ನ ತಪ್ಪು ಹೇಳಿದವ ಇವ ಒಬ್ಬನೇ. ಇವ ಇಲ್ಲೇ ಇರ್ಲಿ ಅಂದ್ರು ಅಕ್ಕ."

ಮುದೀರ್ ಬಂದು ಇಸ್ಮಾಯಿಲ್‌ನ ಕೈ ಕುಲುಕಿದರು. ಜಾಕೆಟ್ ನನಗೇ ಇರಲಿ ಎಂದು ಅದನ್ನು ಬಿಚ್ಚಿ ಕೊಟ್ಟಿದ್ದ ಕೆಲಸಗಾರರು ಕೈಸನ್ನೆ ಮಾಡಿದರು.

ಮತ್ತೆ ಊಟಿ

ಆ ಜಾಕೆಟ್ ಈಗ ನರ್ಸರಿಯ ಬಾಗಿಲ ಹಿಂದೆ ತೂಗುತ್ತಿದೆ. ಬಂದವರಿಗೆಲ್ಲ ಅದರ ಕಥೆ ಹೇಳುತ್ತೇನೆ, ಎರಡು ಗಿಡದ ತಪ್ಪನ್ನೂ ಸೇರಿಸಿ. ಸುಳಿ ಕಿತ್ತು ಬಂದ ಐದರಲ್ಲಿ ಮೂರು ಹಸಿರು ಚಿಗುರಿನ ತುದಿ ತೋರಿಸಿವೆಯಂತೆ, ಎರಡು ಹೋದವು.

ಮೊನ್ನೆ ಇಸ್ಮಾಯಿಲ್ ಫೋನ್ ಮಾಡಿದ. ಮುಳ್ಳಿನ ಎರಡನ್ನೂ ತೆಗೆದು ಹೊರಗೆ ಬಿಸಿಲಿನಲ್ಲಿ ನೆಟ್ಟಿದ್ದಾರೆ, ಅವುಗಳ ಜಾಗಕ್ಕೆ ಎರಡು ಹೊಸ ಗಿಡ ಬಂದಿವೆ.

"ಫೋಟೋ ಕಳಿಸ್ಲಾ ಅಕ್ಕ?"

"ಬೇಡ. ಗೋಣಿ ಬಿಚ್ಚಿ ನೀನೇ ಮುಟ್ಟಿ ನೋಡು. ನೀನು ಹೇಳಿದ್ದೇ ಸರಿ."

ಆ ಕಡೆ ಗೋಣಿಯ ದಾರ ಕತ್ತರಿಸಿದ ಸದ್ದು, ಚಳಿಯಂತ್ರದ ಗುಂಯ್ ಎನ್ನುವ ಸದ್ದು. ನಾನು ನನ್ನ ಗೇಟಿನ ಮರದ ದಂಟಿನ ಮೇಲೆ ಬೆರಳಿಟ್ಟು ಕಾಯುತ್ತ ನಿಂತೆ.

"ಸಣ್ಣ ಹಲ್ಲು ಅಕ್ಕ," ಎಂದ ಇಸ್ಮಾಯಿಲ್. "ಎರಡಕ್ಕೂ."